ಎರಡು ‘ವಿಜಯನಗರ’, ಒಂದೇ ವಾಕ್ಯ: ಆಕಾಶವಾಣಿಯ ರಾಜಕೀಯ ವರದಿಗಾರಿಕೆ

2019ರ ಡಿಸೆಂಬರ್ 9ರಂದು ಕರ್ನಾಟಕದ 15 ವಿಧಾನಸಭಾ ಕ್ಷೇತ್ರಗಳ ಉಪಚುನಾವಣೆಯ ಫಲಿತಾಂಶ ಪ್ರಕಟವಾಯಿತು. ಬಿಜೆಪಿ 12 ಸ್ಥಾನ, ಕಾಂಗ್ರೆಸ್ 2 ಸ್ಥಾನ ಗಳಿಸಿದರೆ, ಹೊಸಕೋಟೆಯಲ್ಲಿ ಪಕ್ಷೇತರ ಅಭ್ಯರ್ಥಿ ಗೆದ್ದರು. ಬಿಜೆಪಿ ಗೆದ್ದ ಕ್ಷೇತ್ರಗಳ ಪಟ್ಟಿಯಲ್ಲಿ ಯಶವಂತಪುರ, ಮಹಾಲಕ್ಷ್ಮಿ ಲೇಔಟ್ ಮತ್ತು ವಿಜಯನಗರ ಎಂಬ ಹೆಸರುಗಳಿದ್ದವು. ಪಶ್ಚಿಮ ಬೆಂಗಳೂರಿನ ನಿವಾಸಿಗೆ ಈ ಮೂರೂ ತನ್ನ ಸುತ್ತಮುತ್ತಲಿನವೇ ಎನಿಸುವುದು ಸಹಜ. ಆದರೆ ಆ ವಿಜಯನಗರ ಅಂದಿನ ಬಳ್ಳಾರಿ ಜಿಲ್ಲೆಯ ಹೊಸಪೇಟೆ ಭಾಗದ ಕ್ಷೇತ್ರ. ಬೆಂಗಳೂರಿನ ವಿಜಯನಗರದಲ್ಲಿ ಆಗ ಚುನಾವಣೆಯೇ ಇರಲಿಲ್ಲ.

ಪತ್ರಿಕೆಯಲ್ಲಿ ಈ ಗೊಂದಲಕ್ಕೆ ಪರಿಹಾರ ಸುಲಭ. ಕ್ಷೇತ್ರದ ಪಕ್ಕದಲ್ಲಿ ಜಿಲ್ಲೆಯ ಹೆಸರು ಹಾಕಿದರಾಯಿತು. ದೂರದರ್ಶನದ ಪರದೆಯ ಮೇಲೆ ನಕ್ಷೆ ತೋರಿಸಬಹುದು. ರೇಡಿಯೊದಲ್ಲಿ ಹೆಸರು ಒಮ್ಮೆ ಕೇಳಿಸಿ ಹೋಗುತ್ತದೆ. ಕೇಳುಗ ಹಿಂದಿರುಗಿ ನೋಡಲಾರ. 2021ರಲ್ಲಿ ವಿಜಯನಗರ ಎಂಬ ಜಿಲ್ಲೆಯೇ ಅಸ್ತಿತ್ವಕ್ಕೆ ಬಂದ ಮೇಲೆ ಈ ತೊಡಕು ಇನ್ನಷ್ಟು ಹೆಚ್ಚಿತು. ‘ವಿಜಯನಗರದ ಶಾಸಕರು’ ಎಂದು ವಾಕ್ಯ ಆರಂಭಿಸಿದರೆ ರಾಜ್ಯದ ಅರ್ಧ ಜನ ಒಬ್ಬರನ್ನೂ ಉಳಿದರ್ಧ ಜನ ಇನ್ನೊಬ್ಬರನ್ನೂ ಊಹಿಸಿಕೊಳ್ಳುವ ಸಂಭವವಿದೆ. ಸರ್ಕಾರ ಮತ್ತು ರಾಜಕಾರಣವನ್ನು ಕಿವಿಗಾಗಿ ವರದಿ ಮಾಡುವ ಆಕಾಶವಾಣಿ ಸುದ್ದಿಗಾರನ ಕೆಲಸದ ಸ್ವರೂಪ ಇಂತಹ ಸಣ್ಣ ಸಂಗತಿಗಳಲ್ಲಿಯೇ ತಿಳಿಯುತ್ತದೆ.

ಯಶವಂತಪುರದ ಕಥೆ ಮತ್ತೂ ವಿಚಿತ್ರವಾದುದು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಕೆಂಗೇರಿ, ಉಲ್ಲಾಳ, ಹೇರೋಹಳ್ಳಿ ಮುಂತಾದ ಪ್ರದೇಶಗಳು ಯಶವಂತಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದವು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ 198 ವಾರ್ಡ್‌ಗಳಿದ್ದ ಕಾಲದಲ್ಲಿ ಯಶವಂತಪುರ ಎಂಬ ವಾರ್ಡ್ ಮಾತ್ರ ರಾಜರಾಜೇಶ್ವರಿನಗರ ಕ್ಷೇತ್ರದಲ್ಲಿತ್ತು. ಅಂದರೆ ‘ಯಶವಂತಪುರದಲ್ಲಿ ಮತದಾನ’ ಎಂಬ ಸುದ್ದಿ ಯಶವಂತಪುರದ ರೈಲು ನಿಲ್ದಾಣದ ಬಳಿ ವಾಸಿಸುವವರಿಗಿಂತ ಕೆಂಗೇರಿಯವರಿಗೆ ಹೆಚ್ಚು ಸಂಬಂಧಿಸಿದ್ದು. ಕೆಂಗೇರಿ ಎಂಬ ಒಂದು ಪದವನ್ನು ವಾಕ್ಯದೊಳಗೆ ಸೇರಿಸಲು ಎರಡು ಸೆಕೆಂಡು ಬೇಕು. ಹತ್ತು ನಿಮಿಷದ ವಾರ್ತೆಯಲ್ಲಿ ಎರಡು ಸೆಕೆಂಡಿಗೂ ಲೆಕ್ಕವಿದೆ.

ವಿಭಾಗದ ಒಳಗೆ

ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಆರಂಭಿಸಿದ ಬಾನುಲಿ ಕೇಂದ್ರವೇ ‘ಆಕಾಶವಾಣಿ’ ಎಂಬ ಹೆಸರಿನ ತವರು. 1950ರಲ್ಲಿ ಆ ಕೇಂದ್ರ ಆಲ್ ಇಂಡಿಯಾ ರೇಡಿಯೊ ಆಡಳಿತಕ್ಕೆ ಸೇರಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಆರಂಭವಾಯಿತು. ಅದೇ ದಶಕದಲ್ಲಿ ಮೈಸೂರಿನ ಹೆಸರನ್ನು ಇಡೀ ದೇಶದ ಸರ್ಕಾರಿ ಬಾನುಲಿ ತನ್ನದಾಗಿಸಿಕೊಂಡಿತು. 2023ರ ಮೇ ತಿಂಗಳಲ್ಲಿ ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರನ್ನು ಕೈಬಿಟ್ಟು ಎಲ್ಲೆಡೆ ‘ಆಕಾಶವಾಣಿ’ ಎಂದೇ ಬಳಸಲು ಪ್ರಸಾರ ಭಾರತಿ ಆದೇಶಿಸಿದಾಗ ತಮಿಳುನಾಡಿನಲ್ಲಿ ವಿರೋಧ ಕೇಳಿಬಂತು. ಕನ್ನಡಿಗರಿಗೆ ಅದು ಸುದ್ದಿಯೇ ಅಲ್ಲ. ಇಲ್ಲಿ ಬೇರೆ ಹೆಸರು ರೂಢಿಯಲ್ಲೇ ಇರಲಿಲ್ಲ.

ಬೆಂಗಳೂರು ಕೇಂದ್ರ ರಾಜಭವನ ರಸ್ತೆಯಲ್ಲಿದೆ. ರಾಜ್ಯಪಾಲರ ನಿವಾಸ, ವಿಧಾನಸೌಧ ಎರಡೂ ನಡೆದು ಹೋಗುವಷ್ಟು ಹತ್ತಿರ. ರಾಜಕೀಯ ವರದಿಗಾರಿಕೆಗೆ ಇದಕ್ಕಿಂತ ಅನುಕೂಲವಾದ ಜಾಗ ದೊರೆಯದು. ಕೇಂದ್ರದ ಪ್ರಾದೇಶಿಕ ಸುದ್ದಿ ವಿಭಾಗ ಸಿದ್ಧಪಡಿಸುವ ‘ಪ್ರದೇಶ ಸಮಾಚಾರ’ ಹಲವು ತಲೆಮಾರುಗಳಿಗೆ ಪರಿಚಿತ. ಉತ್ತರ ಕರ್ನಾಟಕಕ್ಕೆ ಧಾರವಾಡದಲ್ಲಿಯೂ ಇಂತಹದೇ ವಿಭಾಗವಿದೆ.

ವಿಭಾಗದ ಮೇಲ್ವಿಚಾರಣೆ ಭಾರತೀಯ ಮಾಹಿತಿ ಸೇವೆಯ ಅಧಿಕಾರಿಯದು. ಪೂರ್ಣಾವಧಿ ವರದಿಗಾರರೂ ಸಾಮಾನ್ಯವಾಗಿ ಇದೇ ಸೇವೆಯವರು. ಇಂದು ಆಕಾಶವಾಣಿಯಲ್ಲಿರುವ ಅಧಿಕಾರಿ ನಾಳೆ ಕೇಂದ್ರ ಸರ್ಕಾರದ ಪತ್ರಿಕಾ ವಾರ್ತಾ ಕಚೇರಿಗೆ ವರ್ಗವಾಗಬಹುದು. ಒಂದು ಕುರ್ಚಿಯಲ್ಲಿ ಸರ್ಕಾರದ ಪ್ರಕಟಣೆಯನ್ನು ಬರೆಯುವ ಕೆಲಸ, ಇನ್ನೊಂದು ಕುರ್ಚಿಯಲ್ಲಿ ಅದೇ ಪ್ರಕಟಣೆಯನ್ನು ಅಳೆದು ತೂಗುವ ಕೆಲಸ. ಈ ವ್ಯವಸ್ಥೆಯ ಬಗ್ಗೆ ದಶಕಗಳಿಂದ ಆಕ್ಷೇಪಗಳಿವೆ. ಆಕ್ಷೇಪದಲ್ಲಿ ಹುರುಳಿದೆ ಎಂಬುದನ್ನು ಒಪ್ಪಲೇಬೇಕು.

ಜಿಲ್ಲಾ ಕೇಂದ್ರಗಳಲ್ಲಿ ಅರೆಕಾಲಿಕ ವರದಿಗಾರರು ಇರುತ್ತಾರೆ. ಇವರದು ಗುತ್ತಿಗೆಯ ನೇಮಕ. ಅವಧಿ ಮುಗಿದಂತೆ ನವೀಕರಣವಾಗಬೇಕು. ಸುದ್ದಿ ಓದುವವರು ಮತ್ತು ಅನುವಾದಕರಲ್ಲಿ ಅನೇಕರು ದಿನಗಣನೆಯ ಮೇಲೆ ಕರೆಸಿಕೊಳ್ಳಲ್ಪಡುವ ಸಾಂದರ್ಭಿಕ ಕೆಲಸಗಾರರು. ಕೇಳುಗರಿಗೆ ಮನೆಯವರಷ್ಟು ಪರಿಚಿತವಾದ ಧ್ವನಿಗಳಲ್ಲಿ ಎಷ್ಟೋ ಧ್ವನಿಗಳಿಗೆ ಕಾಯಂ ನೌಕರಿ ಇಲ್ಲ. ಸಚಿವರ ಪತ್ರಿಕಾಗೋಷ್ಠಿಯಲ್ಲಿ ಕಠಿಣ ಪ್ರಶ್ನೆ ಕೇಳುವ ಧೈರ್ಯಕ್ಕೂ ಮುಂದಿನ ವರ್ಷದ ನವೀಕರಣಕ್ಕೂ ಸಂಬಂಧವಿಲ್ಲ ಎಂದು ಭಾವಿಸುವುದು ಕಷ್ಟ.

ಸುದ್ದಿ ಸಂಸ್ಥೆಗಳ ವರದಿ, ರಾಜ್ಯ ವಾರ್ತಾ ಇಲಾಖೆಯ ಪ್ರಕಟಣೆ, ಕೇಂದ್ರ ಸರ್ಕಾರದ ಪ್ರಕಟಣೆ, ಜಿಲ್ಲಾ ವರದಿಗಾರರು ಕಳುಹಿಸಿದ ಸಾಲುಗಳು, ವಿಧಾನಸೌಧಕ್ಕೆ ಹೋದವರು ತಂದ ಟಿಪ್ಪಣಿಗಳು ಇವೆಲ್ಲ ಒಂದೇ ಮೇಜಿಗೆ ಬರುತ್ತವೆ. ಹತ್ತು ನಿಮಿಷದ ವಾರ್ತೆಯಲ್ಲಿ ಮುಖ್ಯಾಂಶಗಳ ಸಮಯ ಕಳೆದರೆ, ಸುದ್ದಿಯೊಂದಕ್ಕೆ ಅರ್ಧ ನಿಮಿಷದಂತೆ ಹಿಡಿದರೂ ಹದಿನಾರು ಹದಿನೇಳು ಸುದ್ದಿಗಳಿಗಷ್ಟೇ ಅವಕಾಶ. ರಾಜ್ಯದಲ್ಲಿ 31 ಜಿಲ್ಲೆಗಳಿವೆ. ವಿಧಾನಸಭೆಯಲ್ಲಿ 224 ಚುನಾಯಿತ ಸದಸ್ಯರಿದ್ದಾರೆ. ಯಾವುದನ್ನು ಬಿಡಬೇಕು ಎಂಬುದೇ ಈ ಮೇಜಿನ ಮುಖ್ಯ ತೀರ್ಮಾನ.

ಕನ್ನಡ ವಾಕ್ಯದ ಸಮಸ್ಯೆ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ರಾಜ್ಯದಲ್ಲಿ ಬರ ಪರಿಹಾರ ವಿತರಣೆ ಪೂರ್ಣಗೊಂಡಿದೆ’ ಎಂಬಲ್ಲಿಗೆ ಕೇಳುಗ ಅದನ್ನು ಸತ್ಯಸಂಗತಿಯೆಂದೇ ಸ್ವೀಕರಿಸಿರುತ್ತಾನೆ. ನಂತರ ‘ಎಂದು ಕಂದಾಯ ಸಚಿವರು ಹೇಳಿದ್ದಾರೆ’ ಎಂಬ ಬಾಲ ಬರುತ್ತದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಬಾಲ ಕೇಳಿಸುವುದೇ ಇಲ್ಲ. ಸಚಿವರ ಹೇಳಿಕೆ ಸರ್ಕಾರಿ ಬಾನುಲಿಯ ಹೇಳಿಕೆಯಾಗಿ ಉಳಿಯುತ್ತದೆ. ಆದುದರಿಂದ ಹೇಳಿದವರು ಯಾರು ಎಂಬುದನ್ನು ಮೊದಲೇ ಇಡುವುದು ಬಾನುಲಿ ಬರವಣಿಗೆಯ ಮೊದಲ ಪಾಠ. ಪತ್ರಿಕೆಗಳ ತಲೆಬರಹದಲ್ಲಿ ಹೇಳಿಕೆ ಮೊದಲು ಬಂದು, ಎರಡು ಚುಕ್ಕಿಯ ನಂತರ ‘ಸಿಎಂ’ ಎಂದು ಮುಗಿಯುವ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು. ಉದ್ಧರಣ ಚಿಹ್ನೆಯೂ ಕಿವಿಗೆ ಕಾಣದು.

ಕ್ರಿಯಾಪದದ ಆಯ್ಕೆಯೂ ಅಷ್ಟೇ ಸೂಕ್ಷ್ಮ. ‘ಹೇಳಿದ್ದಾರೆ’ ಎಂಬುದು ತಟಸ್ಥ. ‘ಸ್ಪಷ್ಟಪಡಿಸಿದ್ದಾರೆ’ ಎಂದರೆ ಅದುವರೆಗೆ ಗೊಂದಲವಿತ್ತು, ಈಗ ನಿಜ ತಿಳಿಯಿತು ಎಂಬ ಧ್ವನಿ. ‘ಆರೋಪಿಸಿದ್ದಾರೆ’ ಎಂದರೆ ಪುರಾವೆ ಇನ್ನೂ ಬಾಕಿ ಎಂಬ ಸೂಚನೆ. ಆಡಳಿತ ಪಕ್ಷದವರು ಸದಾ ಸ್ಪಷ್ಟಪಡಿಸುತ್ತ, ವಿರೋಧ ಪಕ್ಷದವರು ಸದಾ ಆರೋಪಿಸುತ್ತ ಹೋದರೆ ಒಂದು ಅಕ್ಷರವೂ ಸುಳ್ಳಿಲ್ಲದೆ ವಾರ್ತೆ ಒಂದು ಕಡೆಗೆ ವಾಲುತ್ತದೆ. ಬಾನುಲಿಯ ಪಕ್ಷಪಾತವನ್ನು ಹುಡುಕುವವರು ಸಾಮಾನ್ಯವಾಗಿ ನಿಮಿಷಗಳನ್ನು ಎಣಿಸುತ್ತಾರೆ. ಕ್ರಿಯಾಪದಗಳನ್ನು ಎಣಿಸಿದರೆ ಹೆಚ್ಚು ತಿಳಿದೀತು.

ಅಂಕಿಗಳ ಮಾತು ಬೇರೆ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಇದನ್ನು ಪೂರ್ತಿಯಾಗಿ ಓದಿದರೆ ಕೇಳುಗನಿಗೆ ಕೊನೆಯ ಅಂಕಿಯೂ ನೆನಪಿರದು, ಮೊದಲನೆಯದೂ ಉಳಿಯದು. ‘ನಾಲ್ಕು ಲಕ್ಷ ಒಂಬತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು’ ಎಂದರೆ ಸಾಕು. ಆದರೆ ಮತ ಎಣಿಕೆಯಲ್ಲಿ, ಸದನದ ಬಲಾಬಲದಲ್ಲಿ ಹೀಗೆ ದುಂಡಗೆ ಮಾಡುವಂತಿಲ್ಲ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ನಿರ್ಣಯಕ್ಕೆ 99 ಮತ ಪರ, 105 ಮತ ವಿರೋಧ ಬಂದವು. ಆ ಎರಡು ಸಂಖ್ಯೆಗಳೇ ಸುದ್ದಿ, ಉಳಿದದ್ದೆಲ್ಲ ವಿವರ.

ಅದೇ ವಿಶ್ವಾಸಮತದ ಚರ್ಚೆ ಜುಲೈ 18ರಂದು ಆರಂಭವಾಗಿ ದಿನಗಟ್ಟಲೆ ಎಳೆಯಿತು. ರಾಜ್ಯಪಾಲ ವಜುಭಾಯಿ ವಾಲಾ ವಿಧಿಸಿದ್ದ ಗಡುವುಗಳು ಮೀರಿದವು. ನೇರಪ್ರಸಾರದ ವಾಹಿನಿಗಳಿಗೆ ಅದು ಹಬ್ಬ. ನಿಗದಿತ ವೇಳೆಗೆ ಮಾತ್ರ ಮಾತನಾಡುವ ಬಾನುಲಿಗೆ ಅದು ಪರೀಕ್ಷೆ. ಕ್ಷಣಕ್ಷಣದ ಊಹಾಪೋಹಗಳನ್ನು ಬಿಟ್ಟು, ವಾರ್ತೆಯ ಹೊತ್ತಿಗೆ ಖಚಿತವಾದದ್ದು ಎಷ್ಟು ಎಂದು ಕೇಳಿದರೆ ಹಲವು ಬಾರಿ ‘ಚರ್ಚೆ ಮುಂದುವರಿದಿದೆ’ ಎಂಬುದಷ್ಟೇ ಉತ್ತರ. ಸಪ್ಪೆಯಾದರೂ ಅದೇ ನಿಜ.

ಹೆಸರಿಸದ ಪಕ್ಷ, ಹೇಳದ ಪದ

1967ರ ಚುನಾವಣೆಯ ನಂತರ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ಸೇತರ ಸರ್ಕಾರಗಳು ಬಂದವು. ಕೇಂದ್ರ ಸರ್ಕಾರದ ಬಾನುಲಿಯಲ್ಲಿ ಏನನ್ನು ಹೇಳಬಹುದು ಎಂಬ ಪ್ರಶ್ನೆ ಆಗ ತೀವ್ರವಾಯಿತು. ಆ ಕಾಲದಲ್ಲಿ ರೂಪುಗೊಂಡ ಆಕಾಶವಾಣಿ ಸಂಹಿತೆ ಮಿತ್ರ ರಾಷ್ಟ್ರಗಳ ಟೀಕೆ, ಧರ್ಮ ಮತ್ತು ಸಮುದಾಯಗಳ ಮೇಲಿನ ದಾಳಿ, ಹಿಂಸೆಗೆ ಪ್ರಚೋದನೆ, ನ್ಯಾಯಾಂಗ ನಿಂದನೆ ಇವುಗಳ ಜೊತೆಗೆ, ರಾಜಕೀಯ ಪಕ್ಷವನ್ನು ಹೆಸರಿಸಿ ದಾಳಿ ಮಾಡುವುದನ್ನೂ, ಕೇಂದ್ರ ಅಥವಾ ರಾಜ್ಯ ಸರ್ಕಾರದ ಬಗ್ಗೆ ದ್ವೇಷಪೂರ್ಣ ಟೀಕೆಯನ್ನೂ ನಿಷೇಧಿಸುತ್ತದೆ.

ರಾಜಕಾರಣವೆಂದರೆ ಪಕ್ಷಗಳು ಪರಸ್ಪರ ಹೆಸರಿಸಿ ಟೀಕಿಸಿಕೊಳ್ಳುವುದೇ ಆಗಿರುವಾಗ ಈ ಸಂಹಿತೆಯೊಳಗೆ ವರದಿ ಮಾಡುವುದು ಹೇಗೆ? ಪಶ್ಚಿಮ ಬೆಂಗಳೂರಿನದೇ ಉದಾಹರಣೆ ನೋಡಬಹುದು. ಬಿನ್ನಿಪೇಟೆ ಕ್ಷೇತ್ರದಿಂದ ಹಲವು ಬಾರಿ ಗೆದ್ದಿದ್ದ ವಿ. ಸೋಮಣ್ಣ, ಪುನರ್ವಿಂಗಡಣೆಯ ಬಳಿಕ 2008ರಲ್ಲಿ ಗೋವಿಂದರಾಜನಗರದಿಂದ ಕಾಂಗ್ರೆಸ್ ಶಾಸಕರಾದರು. ಬಳಿಕ ರಾಜೀನಾಮೆ ನೀಡಿ ಬಿಜೆಪಿ ಸೇರಿದರು. 2009ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪ್ರಿಯಕೃಷ್ಣ ಎದುರು ಸೋತರು. ಇಂತಹ ಸರಣಿ ರಾಜೀನಾಮೆಗಳಿಗೆ ಪತ್ರಿಕೆಗಳು ‘ಆಪರೇಷನ್ ಕಮಲ’ ಎಂಬ ಹೆಸರನ್ನು ಬಳಸಿದವು. ಪತ್ರಿಕೆಯ ಓದುಗನಿಗೆ ಆ ಎರಡು ಪದಗಳೇ ಸಾಕು. ಬಾನುಲಿಯಲ್ಲಿ ಅದೇ ಪದ ಓದುವವರ ಬಾಯಿಂದ ಬಂದರೆ, ಒಂದು ಪಕ್ಷದ ಚಿಹ್ನೆಯನ್ನು ಆರೋಪವಾಗಿ ಬಳಸಿದಂತೆ. ವಿರೋಧ ಪಕ್ಷದ ನಾಯಕರ ಮಾತಾಗಿ ಮಾತ್ರ ಅದಕ್ಕೆ ಪ್ರವೇಶ ಸಿಗಬಹುದು. ಬಾನುಲಿಗೆ ಉಳಿಯುವುದು ಇಷ್ಟು: ರಾಜೀನಾಮೆ ನೀಡಿದರು, ಪಕ್ಷ ಸೇರಿದರು, ಅದೇ ಕ್ಷೇತ್ರದಲ್ಲಿ ಮತ್ತೆ ಸ್ಪರ್ಧಿಸಿದರು. ಬರಿಯ ಘಟನೆಗಳ ಈ ಸಾಲು ಕೆಲವೊಮ್ಮೆ ಯಾವ ಟೀಕೆಗಿಂತಲೂ ಹರಿತವಾಗಿರುತ್ತದೆ. ಆದರೆ ಹಿಂದಿನ ಕಾರಣ, ಹಣ, ಅಧಿಕಾರದ ಲೆಕ್ಕಾಚಾರ ಇವುಗಳಲ್ಲಿ ಯಾವುದೂ ಅದರಲ್ಲಿ ಕೇಳಿಸುವುದಿಲ್ಲ. ತಟಸ್ಥ ಭಾಷೆಯ ಬೆಲೆ ಇದು.

1975ರ ಜೂನ್ 26

ಆ ಬೆಲೆ ಎಷ್ಟಾಗಬಹುದು ಎಂಬುದು ಬೆಂಗಳೂರಿನಲ್ಲಿಯೇ ಗೊತ್ತಾಯಿತು. ಸಂಸದೀಯ ಸಮಿತಿಯ ಸಭೆಗಾಗಿ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ನಗರಕ್ಕೆ ಬಂದಿದ್ದರು. 1975ರ ಜೂನ್ 26ರ ಬೆಳಿಗ್ಗೆ ತುರ್ತು ಪರಿಸ್ಥಿತಿಯ ಘೋಷಣೆಯನ್ನು ದೇಶ ಕೇಳಿದ್ದು ಆಕಾಶವಾಣಿಯಲ್ಲಿ, ಇಂದಿರಾ ಗಾಂಧಿಯವರ ಧ್ವನಿಯಲ್ಲಿ. ಅದೇ ದಿನ ಈ ನಾಲ್ವರೂ ಶಾಸಕರ ಭವನದಲ್ಲಿ ಬಂಧಿತರಾಗಿ ಬೆಂಗಳೂರು ಕೇಂದ್ರ ಕಾರಾಗೃಹಕ್ಕೆ ಹೋದರು. ಆಕಾಶವಾಣಿ ಕಚೇರಿಯಿಂದ ಶಾಸಕರ ಭವನ ದೂರವೇನಿಲ್ಲ. ಆದರೆ ಬಂಧನಗಳ ಸುದ್ದಿಯ ಮೇಲೆ ಸೆನ್ಸಾರ್ ಬಿದ್ದಿತ್ತು. ಕೂಗಳತೆಯಲ್ಲಿ ನಡೆದ ದೊಡ್ಡ ರಾಜಕೀಯ ಸುದ್ದಿ ವರದಿಗಾರನ ಕೈಯಲ್ಲಿರಲಿಲ್ಲ.

ಮಾಹಿತಿ ಮತ್ತು ಪ್ರಸಾರ ಸಚಿವ ಐ.ಕೆ. ಗುಜ್ರಾಲ್ ಅವರ ಸ್ಥಾನಕ್ಕೆ ವಿ.ಸಿ. ಶುಕ್ಲಾ ಬಂದರು. 1976ರಲ್ಲಿ ಪಿಟಿಐ, ಯುಎನ್ಐ, ಹಿಂದುಸ್ಥಾನ್ ಸಮಾಚಾರ್, ಸಮಾಚಾರ್ ಭಾರತಿ ಎಂಬ ನಾಲ್ಕು ಸುದ್ದಿ ಸಂಸ್ಥೆಗಳನ್ನು ಒಂದೇ ‘ಸಮಾಚಾರ್’ ಆಗಿ ವಿಲೀನಗೊಳಿಸಲಾಯಿತು. ನಿಜ ತಿಳಿಯಬೇಕೆಂದವರು ಬಿಬಿಸಿಯತ್ತ ಮುಳ್ಳು ತಿರುಗಿಸಿದರು. 1977ರಲ್ಲಿ ಸರ್ಕಾರ ಬದಲಾದಾಗ ಪ್ರಸಾರ ಖಾತೆಗೆ ಸಚಿವರಾಗಿ ಬಂದವರು ಬೆಂಗಳೂರಿನ ಜೈಲಿನಲ್ಲಿದ್ದ ಅದೇ ಅಡ್ವಾಣಿ. ಸಮೂಹ ಮಾಧ್ಯಮಗಳ ದುರ್ಬಳಕೆ ಕುರಿತ ಶ್ವೇತಪತ್ರ ಆ ವರ್ಷ ಹೊರಬಂತು. ಬಿ.ಜಿ. ವರ್ಗೀಸ್ ನೇತೃತ್ವದ ಸಮಿತಿ 1978ರಲ್ಲಿ ‘ಆಕಾಶ ಭಾರತಿ’ ಎಂಬ ಸ್ವತಂತ್ರ ಸಂಸ್ಥೆಯನ್ನು ಶಿಫಾರಸು ಮಾಡಿತು. ಪ್ರಸಾರ ಭಾರತಿ ಕಾಯ್ದೆ ಅಂಗೀಕಾರವಾದದ್ದು 1990ರಲ್ಲಿ. ಜಾರಿಗೆ ಬಂದದ್ದು 1997ರಲ್ಲಿ. ಸಾರ್ವಜನಿಕ ಹಿತಾಸಕ್ತಿಯ ಎಲ್ಲ ವಿಷಯಗಳ ಬಗ್ಗೆ ಮುಕ್ತವಾಗಿ, ಸತ್ಯವಾಗಿ, ವಸ್ತುನಿಷ್ಠವಾಗಿ ತಿಳಿಯುವ ನಾಗರಿಕನ ಹಕ್ಕನ್ನು ಕಾಪಾಡುವುದು ಸಂಸ್ಥೆಯ ಗುರಿಗಳಲ್ಲಿ ಒಂದು ಎಂದು ಕಾಯ್ದೆ ಹೇಳುತ್ತದೆ. ಹಣ ಮಾತ್ರ ಬಹುಪಾಲು ಕೇಂದ್ರ ಸರ್ಕಾರದಿಂದಲೇ ಬರಬೇಕು.

ಚುನಾವಣಾ ಪ್ರಸಾರದಲ್ಲಿ ಮಾತ್ರ ನಿಯಮಗಳು ಸ್ಪಷ್ಟ. 1977ರಿಂದ ಮಾನ್ಯತೆ ಪಡೆದ ಪಕ್ಷಗಳಿಗೆ ಆಕಾಶವಾಣಿಯಲ್ಲಿ ಉಚಿತ ಸಮಯ ದೊರೆಯುತ್ತಿದೆ. 1998ರ ಯೋಜನೆ ಇದನ್ನು ವಿಸ್ತರಿಸಿತು. 2003ರ ತಿದ್ದುಪಡಿ ಇದಕ್ಕೆ ಶಾಸನದ ಬಲ ಕೊಟ್ಟಿತು. ಹಿಂದಿನ ಚುನಾವಣೆಯ ಸಾಧನೆಯನ್ನು ಆಧರಿಸಿ ಚುನಾವಣಾ ಆಯೋಗದ ಮೇಲ್ವಿಚಾರಣೆಯಲ್ಲಿ ಸಮಯ ಹಂಚಿಕೆಯಾಗುತ್ತದೆ. ಅಲ್ಲಿ ಪಕ್ಷದವರೇ ಮಾತನಾಡುತ್ತಾರೆ, ವರದಿಗಾರನ ಪಾತ್ರವಿಲ್ಲ.

ಬಡಾವಣೆಯ ಪಾಲು

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ನಿವಾಸಿಗಳಿಗೆ ಸರ್ಕಾರವೆಂದರೆ ಮೊದಲು ಪಾಲಿಕೆ, ನೀರು, ರಸ್ತೆ, ಮೆಟ್ರೊ. ಇಡೀ ರಾಜ್ಯಕ್ಕೆ ಓದುವ ವಾರ್ತೆಯಲ್ಲಿ ಇವುಗಳಿಗೆ ಜಾಗ ಸಿಗುವುದು ಅಪರೂಪ. ಚಾಲುಕ್ಯ ವೃತ್ತದಲ್ಲಿ ನಡೆದದ್ದು ರಾಜ್ಯದ ಸುದ್ದಿಯಾಗುತ್ತದೆ, ಕಾಮಾಕ್ಷಿಪಾಳ್ಯದಲ್ಲಿ ನಡೆದದ್ದು ಆಗುವುದಿಲ್ಲ. ಮೈಸೂರು ರಸ್ತೆಯಿಂದ ಕೆಂಗೇರಿಗೆ ಏಳೂವರೆ ಕಿಲೋಮೀಟರ್ ಉದ್ದದ, ಆರು ನಿಲ್ದಾಣಗಳ ಮೆಟ್ರೊ ಮಾರ್ಗ 2021ರ ಆಗಸ್ಟ್ 29ರಂದು ಉದ್ಘಾಟನೆಯಾಯಿತು. ಮೆಟ್ರೊ ನಿಗಮ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಮಪಾಲಿನ ಸಂಸ್ಥೆ. ವೇದಿಕೆಯ ಮೇಲೆ ಕೇಂದ್ರ ಸಚಿವ ಹರ್‌ದೀಪ್ ಸಿಂಗ್ ಪುರಿ, ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಇಬ್ಬರೂ ಇದ್ದರು. ಇಂತಹ ಸಮಾರಂಭದ ಅರ್ಧ ನಿಮಿಷದ ಸುದ್ದಿಯಲ್ಲಿ ಇಬ್ಬರ ಹೆಸರು, ಹುದ್ದೆ, ತಲಾ ಒಂದು ಹೇಳಿಕೆ ಸೇರಿದರೆ ಸಮಯ ಮುಗಿಯಿತು. ಮರುದಿನ ಮೊದಲ ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬ ಕೆಂಗೇರಿಯವರ ಪ್ರಶ್ನೆ ಹೊರಗೇ ಉಳಿಯುತ್ತದೆ. ಸಮಾರಂಭವನ್ನು ಒಂದು ವಾಕ್ಯಕ್ಕೆ ಇಳಿಸಿ ವೇಳಾಪಟ್ಟಿಗೆ ಒಂದು ವಾಕ್ಯ ಕೊಡುವ ಸಂಪಾದಕನೇ ಒಳ್ಳೆಯ ಸಂಪಾದಕ. ಆದರೆ ಸಚಿವರ ಕಚೇರಿಯವರು ಹಾಗೆ ಭಾವಿಸುವುದಿಲ್ಲ.

ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಆಡಳಿತಾಧಿಕಾರಿಗಳ ಕಾಲ ಆರಂಭವಾಯಿತು. ಕೌನ್ಸಿಲ್ ಸಭೆ ಇಲ್ಲ, ಪ್ರಶ್ನೆ ಕೇಳುವ ಸದಸ್ಯರಿಲ್ಲ. ವರದಿಗಾರನಿಗೆ ಸಿಗುವುದು ಅಧಿಕಾರಿಗಳ ಪ್ರಕಟಣೆ ಮಾತ್ರ. ಎರಡು ಕಡೆಯ ಮಾತು ಬೇಕೆಂಬ ನಿಯಮವಿದ್ದರೂ ಎರಡನೆಯ ಕಡೆಯೇ ಇಲ್ಲದ ಸ್ಥಿತಿ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಐದು ನಗರ ಪಾಲಿಕೆಗಳು ರಚನೆಯಾದವು. ಅವುಗಳಲ್ಲಿ ಬೆಂಗಳೂರು ಪಶ್ಚಿಮವೂ ಒಂದು. ‘ಪಾಲಿಕೆ ಆಯುಕ್ತರು’ ಎಂದಷ್ಟೇ ಹೇಳುವ ಕಾಲ ಅಲ್ಲಿಗೆ ಮುಗಿಯಿತು.

ಒಂದೇ ಮೂಲ

ದೇಶದ ಮೊದಲ ಖಾಸಗಿ ಎಫ್ಎಂ ಕೇಂದ್ರ 2001ರ ಜುಲೈ 3ರಂದು ಬೆಂಗಳೂರಿನಲ್ಲಿಯೇ ಆರಂಭವಾಯಿತು. ಅದಕ್ಕೂ ಮೊದಲು, 1995ರ ಫೆಬ್ರುವರಿಯಲ್ಲಿ, ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು. ಆದರೂ ಖಾಸಗಿ ಎಫ್ಎಂಗೆ ಹಾಡು, ಹರಟೆ, ಸಂಚಾರ ಮಾಹಿತಿಗೆ ಅನುಮತಿ ಸಿಕ್ಕಿತೇ ಹೊರತು ಸ್ವಂತ ರಾಜಕೀಯ ಸುದ್ದಿಗೆ ಸಿಗಲಿಲ್ಲ. 2011ರ ಮೂರನೇ ಹಂತದ ನೀತಿ ಆಕಾಶವಾಣಿ ವಾರ್ತೆಯನ್ನು ಬದಲಾವಣೆ ಇಲ್ಲದೆ ಮರುಪ್ರಸಾರ ಮಾಡಲು ಅವಕಾಶ ನೀಡಿತು. 2019ರ ಜನವರಿಯಲ್ಲಿ ಅದು ಕಾರ್ಯರೂಪಕ್ಕೆ ಬಂತು. ಗಂಟೆಗೆ ಹತ್ತು ನಿಮಿಷ ಸ್ವಂತ ಸುದ್ದಿಗೆ ಅವಕಾಶ ಕೊಡಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2023ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತು.

ಅದೇ ವರ್ಷದ ಫೆಬ್ರುವರಿಯಲ್ಲಿ, ಪಿಟಿಐ ಮತ್ತು ಯುಎನ್ಐ ಸೇವೆಗಳನ್ನು ಹಿಂದೆಯೇ ಕೈಬಿಟ್ಟಿದ್ದ ಪ್ರಸಾರ ಭಾರತಿ, ಸುದ್ದಿ ಪೂರೈಕೆಗಾಗಿ ಹಿಂದುಸ್ಥಾನ್ ಸಮಾಚಾರ್ ಜೊತೆ ಒಪ್ಪಂದ ಮಾಡಿಕೊಂಡಿತು. 1976ರಲ್ಲಿ ಬಲವಂತದ ವಿಲೀನಕ್ಕೆ ಒಳಗಾಗಿದ್ದ ನಾಲ್ಕರಲ್ಲಿ ಅದೂ ಒಂದು. ಸಂಘ ಪರಿವಾರದೊಂದಿಗಿನ ಅದರ ನಂಟನ್ನು ಎತ್ತಿ ವಿರೋಧ ಪಕ್ಷಗಳು ಟೀಕಿಸಿದವು. ಯಾವ ಸಂಸ್ಥೆಯಾದರೂ ಸರಿ, ಮೇಜಿಗೆ ಬರುವ ಮೂಲಗಳು ಕಡಿಮೆಯಾದಷ್ಟೂ ಒಂದು ವರದಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವ ಅವಕಾಶ ಕಡಿಮೆ. ವಿಧಾನಸೌಧಕ್ಕೆ ನಡೆದು ಹೋಗಿ ಬರುವ ವರದಿಗಾರನ ಸ್ವಂತ ಟಿಪ್ಪಣಿಯ ತೂಕ ಆಗ ಹೆಚ್ಚುತ್ತದೆ. 2019ರ ಅಕ್ಟೋಬರ್‌ನಲ್ಲಿ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ವಿಧಾನಸಭೆಯಿಂದ ಹೊರಗಿಟ್ಟಾಗಲೂ ಪತ್ರಕರ್ತರ ಗ್ಯಾಲರಿ ತೆರೆದೇ ಇತ್ತು. ಅಲ್ಲಿ ಕುಳಿತು ಕೇಳಿ ಬರೆದುಕೊಳ್ಳಲು ಒಂದು ನೋಟ್‌ಬುಕ್ ಸಾಕಿತ್ತು.